ಬೆಳಿಗ್ಗೆ ಒಂಬತ್ತೂವರೆಯ ಸಂಕಟ

ನಾನು ಉತ್ತರ ಇಂಗ್ಲೆಂಡಿನಲ್ಲಿ ಆಪ್ತಸಲಹೆಗಾರ್ತಿ. ಇದು ನನ್ನ ಬಳಿ ಬಂದ ಒಬ್ಬ ಫುಟ್‌ಬಾಲ್ ಆಟಗಾರರ ಕಥೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 31 ವರ್ಷ. ಲೀಗ್ ಟೂನಲ್ಲಿ ಡಿಫೆಂಡರ್. ಇಂಗ್ಲೆಂಡಿನ ಫುಟ್‌ಬಾಲ್ ಅಂದರೆ ನಮ್ಮವರಿಗೆ ಪ್ರೀಮಿಯರ್ ಲೀಗಿನ 20 ತಂಡಗಳಷ್ಟೇ ಗೊತ್ತು, ಅಲ್ವಾ? ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಅಂತ ಮೂರು ಮೆಟ್ಟಿಲು, 72 ತಂಡ. ಕೊನೆಯ ಮೆಟ್ಟಿಲಲ್ಲಿ ಒಂದೆರಡು ವರ್ಷದ ಒಪ್ಪಂದಗಳೇ ಜಾಸ್ತಿ. ಮೇ ತಿಂಗಳಲ್ಲಿ ಕ್ಲಬ್‌ಗಳು ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ ಪಟ್ಟಿ ಹಾಕುತ್ತವೆ. ಬಿಟ್ಟವರ ಒಪ್ಪಂದ ಜೂನ್ 30ಕ್ಕೆ ಮುಗಿಯುತ್ತದೆ.

ಇವರ ಹೆಸರು ಬಿಟ್ಟವರ ಪಟ್ಟಿಯಲ್ಲಿತ್ತು. ಮ್ಯಾನೇಜರ್ ಐದು ನಿಮಿಷ ಮಾತಾಡಿ ಕೈಕುಲುಕಿದರಂತೆ. ಬೂಟು, ಶಿನ್‌ಪ್ಯಾಡ್ ಎಲ್ಲ ಕಪ್ಪು ಕಸದ ಚೀಲಕ್ಕೆ ತುಂಬಿಕೊಂಡು ಹೊರಬಂದರು. ನನ್ನ ಬಳಿ ಬಂದದ್ದು ಜುಲೈನಲ್ಲಿ. ಅಷ್ಟು ಹೊತ್ತಿಗೆ ಉಳಿದವರೆಲ್ಲ ಹೊಸ ಸೀಸನ್ನಿನ ತಾಲೀಮು ಶುರು ಮಾಡಿದ್ದರು. ಚೀಲ ಇನ್ನೂ ಕಾರಿನ ಡಿಕ್ಕಿಯಲ್ಲೇ ಇತ್ತು. "ಮನೆಯೊಳಗೆ ತಂದರೆ ಮುಗಿದೇಹೋಯ್ತು ಅನ್ನಿಸುತ್ತೆ" ಅಂದರು. ಹಾಕಿದ್ದ ಜಾಕೆಟ್ಟೂ ಕ್ಲಬ್ಬಿನದೇ. ಎದೆಯ ಮೇಲೆ ಅಂಟಿಸಿದ್ದ ಇನಿಶಿಯಲ್ಲನ್ನು ಮಾತಾಡುತ್ತಲೇ ಉಗುರಿನಿಂದ ಕೆರೆಯುತ್ತಿದ್ದರು.

ರಾತ್ರಿ ನಿದ್ದೆ ಇಲ್ಲ. ಹಗಲೆಲ್ಲ ಏಜೆಂಟ್ ಫೋನಿಗೆ ಕಾಯುವುದು. ದಕ್ಷಿಣದ ಕ್ಲಬ್ಬೊಂದು ಟ್ರಯಲ್‌ಗೆ ಕರೆದಿತ್ತು, ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಇವರ ಆಟದ ಹಿಂದೆ ಆರು ಮನೆ ಬದಲಿಸಿದ ಹೆಣ್ಣುಮಗಳು ಆಕೆ.

"ಯಾವ ಹೊತ್ತಲ್ಲಿ ಸಂಕಟ ಜಾಸ್ತಿ?" ಅಂತ ಕೇಳಿದೆ. ಶನಿವಾರ ಮಧ್ಯಾಹ್ನ ಮೂರು ಗಂಟೆ, ಮ್ಯಾಚಿನ ಹೊತ್ತು ಅನ್ನುತ್ತಾರೆ ಅಂದುಕೊಂಡಿದ್ದೆ. "ಬೆಳಿಗ್ಗೆ ಒಂಬತ್ತೂವರೆ" ಅಂದರು. ಡ್ರೆಸ್ಸಿಂಗ್ ರೂಮಿನಲ್ಲಿ ಟೀ ಹಿಡಿದುಕೊಂಡು ಒಬ್ಬರ ಕಾಲು ಒಬ್ಬರು ಎಳೆಯುವ ಹೊತ್ತು. 16ನೇ ವಯಸ್ಸಿನಿಂದ ಇದೇ ರೂಢಿ. ಆಟಕ್ಕಿಂತ ಜೊತೆಗಾರರನ್ನು ಕಳೆದುಕೊಂಡ ನೋವೇ ದೊಡ್ಡದಿತ್ತು.

ಮಾತು ಮಾತಿಗೆ ಜೇಮಿ ವಾರ್ಡಿ ಹೆಸರು ಬರುತ್ತಿತ್ತು. ಈ ನಾಲ್ಕು ಮೆಟ್ಟಿಲಿಗೂ ಹೊರಗಿನ ಕ್ಲಬ್ಬಿನಿಂದ 2012ರಲ್ಲಿ ಲೆಸ್ಟರ್ ಕ್ಲಬ್ ಸೇರಿ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದವರು. "ಲೆಸ್ಟರ್ ಸೇರಿದಾಗ ಅವರಿಗೆ 25" ಅಂತ ನೆನಪಿಸಿದೆ. ಹೇಳುವುದು ಕಷ್ಟವಾಯಿತು, ಆದರೂ ಹೇಳಲೇಬೇಕಿತ್ತು.

ಟ್ರಯಲ್‌ಗೆ ಹೋಗಿ ಅಂತಲೂ, ಬಿಡಿ ಅಂತಲೂ ನಾನು ಹೇಳಲಿಲ್ಲ. ಇವತ್ತು ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿ, ಇಬ್ಬರೂ ಕೂತು ನಿರ್ಧರಿಸಿ ಅಂದೆ. ಒಂಬತ್ತೂವರೆಗೆ ಮನೆಯಲ್ಲಿ ಸುಮ್ನೆ ಒಬ್ಬರೇ ಕೂರಬೇಡಿ, ಯಾರ ಜೊತೆಗಾದರೂ ಓಡಲು ಹೋಗಿ ಅಂದೆ. ಆಟಗಾರರ ಸಂಘ ಪಿಎಫ್‌ಎಗೆ ಫೋನ್ ಮಾಡಲು ಹೇಳಿದೆ. 1907ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಸಂಘ ಅದು. ಮಾಜಿ ಆಟಗಾರರಿಗೂ ಆಪ್ತಸಲಹೆ ಕೊಡಿಸುತ್ತದೆ, ಓದಿಗೆ ಹಣದ ನೆರವು ನೀಡುತ್ತದೆ. "ಅದೆಲ್ಲ ಆಟ ಮುಗಿದವರಿಗೆ" ಅಂದರು. "ಇಷ್ಟು ವರ್ಷ ಚಂದಾ ಕಟ್ಟಿದ್ದೀರಿ, ಕೇಳಿ ಪಡೆಯಿರಿ" ಅಂದೆ.

ಮುಂದಿನ ಸಲ ಹೆಂಡತಿಯೂ ಬಂದರು. ಇವರು ಟ್ರಯಲ್ ಬಿಟ್ಟರು. ಈಗ ಮನೆಯ ಹತ್ತಿರವೇ, ಲೀಗ್ ಟೂಗಿಂತ ಎರಡು ಮೆಟ್ಟಿಲು ಕೆಳಗಿನ ನ್ಯಾಷನಲ್ ಲೀಗ್ ನಾರ್ತ್‌ನಲ್ಲಿ ಆಡುತ್ತಾರೆ. ಮಂಗಳವಾರ, ಗುರುವಾರ ಸಂಜೆ ತಾಲೀಮು. ಹಗಲು ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾರೆ, ಬೆಳಿಗ್ಗೆ ನಾಲ್ಕು ಜನರ ಜೊತೆ ವ್ಯಾನಿನಲ್ಲಿ ಹೋಗುತ್ತಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದಾರೆ.