ಕೈಯಾರೆ ಲೋಡ್ ಮಾಡಿದರೆ ವೈಫೈ ಬರುತ್ತದೆ, ತಾನಾಗಿ ಬರುವುದಿಲ್ಲ

ಡೆಬಿಯನ್ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲ ‘ಮಾಡ್‌ಪ್ರೋಬ್ ಬಿ43’ (ಬಿ43 ಎಂಬ ವೈಫೈ ಡ್ರೈವರನ್ನು ಲೋಡ್ ಮಾಡುವ ಕಮಾಂಡ್) ಕೊಟ್ಟರೆ ಮಾತ್ರ ಬ್ರಾಡ್‌ಕಾಮ್ ವೈಫೈ ಬರುತ್ತದೆ, ಬೂಟ್ ಆಗುವಾಗ ಲೋಡ್ ಆಗಬೇಕಾದ ಡ್ರೈವರ್‌ಗಳನ್ನು ಬರೆಯುವ ‘/ಇಟಿಸಿ/ಮಾಡ್ಯೂಲ್ಸ್’ ಫೈಲ್‌ನಲ್ಲಿ ಹೆಸರು ಬರೆದರೂ ಪ್ರಯೋಜನವಿಲ್ಲ ಅಂತ ಕೇಳಿದ್ದೀರಿ. ಹಾಗಾದರೆ ಡ್ರೈವರ್, ಫರ್ಮ್‌ವೇರ್ ಎರಡೂ ಸರಿಯಿವೆ. ಸುಮ್ನೆ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ನನ್ನ ಅನುಮಾನ ಬ್ಲ್ಯಾಕ್‌ಲಿಸ್ಟ್ ಮೇಲೆ, ಅಂದರೆ ತಾನಾಗಿ ಲೋಡ್ ಆಗಬಾರದ ಡ್ರೈವರ್‌ಗಳ ಪಟ್ಟಿಯ ಮೇಲೆ. ಕಾರ್ಡ್ ಕಂಡ ತಕ್ಷಣ ಕರ್ನಲ್ ಅದರ ಕಂಪನಿ ಮತ್ತು ಮಾಡೆಲ್ ನಂಬರ್ ಇರುವ ಒಂದು ಗುರುತಿನ ಸಾಲು ಕೊಡುತ್ತದೆ. ಹೊಸ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಂ ಆ ಸಾಲನ್ನು ಹಿಡಿದು ಹೊಂದುವ ಡ್ರೈವರ್ ಹುಡುಕಿಸುತ್ತದೆ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಈ ದಾರಿಯನ್ನು. ನೀವೇ ಹೆಸರು ಹೇಳಿ ಕರೆದರೆ ಅಡ್ಡಿಯಿಲ್ಲ. ಆದರೆ ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಆ ‘ಮಾಡ್ಯೂಲ್ಸ್’ ಫೈಲ್ ಓದುವಾಗಲೂ ಬ್ಲ್ಯಾಕ್‌ಲಿಸ್ಟ್ ಮೀರುವುದಿಲ್ಲ. ನಿಮ್ಮ ತೊಂದರೆ ಹಾಗೇ ಇದೆ, ಅಲ್ವಾ?

ಹಿಂದೆ ಯಾವಾಗಲಾದರೂ ಬ್ರಾಡ್‌ಕಾಮ್‌ನದೇ ‘ಡಬ್ಲ್ಯೂಎಲ್’ ಡ್ರೈವರ್ ಹಾಕಿ ತೆಗೆದಿದ್ದೀರಾ? ಆ ಪ್ಯಾಕೇಜ್ ಬಿ43ಯನ್ನು ಬ್ಲ್ಯಾಕ್‌ಲಿಸ್ಟ್ ಮಾಡುತ್ತದೆ. ‘ರಿಮೂವ್’ ಕೊಟ್ಟರೆ ಆ ಸೆಟ್ಟಿಂಗ್ ಫೈಲ್ ಅಲ್ಲೇ ಉಳಿಯುತ್ತದೆ, ‘ಪರ್ಜ್’ ಕೊಟ್ಟರೇ ಹೋಗುವುದು. ಜಾಸ್ತಿ ಜನ ಎಡವುವುದು ಇಲ್ಲೇ.

‘/ಇಟಿಸಿ/ಮಾಡ್‌ಪ್ರೋಬ್.ಡಿ’ ಫೋಲ್ಡರ್‌ನಲ್ಲಿ ‘ಬ್ಲ್ಯಾಕ್‌ಲಿಸ್ಟ್ ಬಿ43’ ಸಾಲನ್ನು ಗ್ರೆಪ್ ಕಮಾಂಡ್‌ನಿಂದ ಹುಡುಕಿ, ಆ ಸಾಲು ಲೆಕ್ಕಕ್ಕೆ ಬರದಂತೆ ಅದರ ಮುಂದೆ # ಹಾಕಿ. ಎಸ್‌ಎಸ್‌ಬಿ, ಬಿಸಿಎಂಎ ಎಂಬ ಡ್ರೈವರ್‌ಗಳ ಬ್ಲ್ಯಾಕ್‌ಲಿಸ್ಟ್ ಸಾಲುಗಳಿಗೂ ಹಾಗೇ ಮಾಡಿ. ಪಿಸಿಐ ಕಾರ್ಡನ್ನು ಮೊದಲು ಹಿಡಿಯುವುದು ಅವೇ, ಬಿ43 ಆಮೇಲೆ ಬರುತ್ತದೆ. ನಂತರ ಬೂಟ್ ಶುರುವಿನಲ್ಲಿ ಬಳಸುವ ಫೈಲನ್ನು ಹೊಸದಾಗಿಸಲು ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ ರೀಬೂಟ್ ಮಾಡಿ.

ಅಂಥ ಸಾಲೇ ಇಲ್ಲದಿದ್ದರೆ ಡ್ರೈವರ್‌ಗಳ ಪಟ್ಟಿಯನ್ನು ಮತ್ತೆ ತಯಾರಿಸುವ ‘ಡೆಪ್‌ಮಾಡ್ -ಎ’ ಒಮ್ಮೆ ಕೊಟ್ಟು ನೋಡಿ. ಅದಕ್ಕೂ ಬಗ್ಗದಿದ್ದರೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟಾಗ ವೈಫೈ ಕಾರ್ಡ್ ಬಗ್ಗೆ ಬರುವ ಮೂರ್ನಾಲ್ಕು ಸಾಲನ್ನು ಇಲ್ಲಿ ಹಾಕಿ.