ತಮ್ಮನ ಹತ್ತಿರ ನಾಡ ಪಿಸ್ತೂಲ್ ಇದೆ ಅಂದವರಿಗೆ

ಅಕ್ಕಾ, ನಿಮ್ಮ ತಮ್ಮ ಕಲಬುರಗಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಹಮಾಲಿ ಬಿಟ್ಟು ಬಡ್ಡಿ ವಸೂಲಿಯವರ ಜೊತೆ ಸೇರಿದ್ದಾನೆ, ನಾಡ ಪಿಸ್ತೂಲ್ ಇಟ್ಟುಕೊಂಡಿದ್ದಾನೆ, ಇದು ಬಡತನದ ತಪ್ಪಾ ಅವನದಾ ಅಂತ ಕೇಳಿದ್ದೀರಿ. ಎರಡೂ ಇದೆ. ತೊಗರಿ ಸುಗ್ಗಿ ಮುಗಿದರೆ ಚೀಲ ಹೊರುವ ಕೆಲಸ ಕಡಿಮೆ, ಮನೆಯಲ್ಲಿ ಸಾಲ. ಆಗ ಯಾರೋ ಬೈಕ್, ಖರ್ಚಿಗೆ ದುಡ್ಡು ಕೊಟ್ಟರೆ ಹುಡುಗರು ಹೋಗಿಬಿಡುತ್ತಾರೆ. ಆದರೆ ಅದೇ ಗಂಜ್‌ನಲ್ಲಿ ಅದೇ ಚೀಲ ಹೊರುವ ಎಷ್ಟೋ ಹುಡುಗರು ಪಿಸ್ತೂಲ್ ಮುಟ್ಟಿಲ್ಲ ಅಲ್ವಾ? ಬಡತನದ ಹೆಸರಲ್ಲಿ ಅವನ ತಪ್ಪು ಮುಚ್ಚಬೇಡಿ.

2025ರ ಜನವರಿಯಲ್ಲಿ ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವವರ ಮೇಲೆ ಗುಂಡು ಹಾರಿಸಿ ದೋಚಿದರು. ಜೀವ ಹೋಗಿದ್ದು ಸಂಬಳಕ್ಕೆ ದುಡಿಯುತ್ತಿದ್ದವರದ್ದು. ಅದನ್ನು ತಮ್ಮನಿಗೆ ಹೇಳಿ.

ಲೈಸೆನ್ಸ್ ಇಲ್ಲದ ಪಿಸ್ತೂಲ್ ಇಟ್ಟುಕೊಂಡರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ನಂತರ, 2ರಿಂದ 5 ವರ್ಷ ಜೈಲು. ಮಾರಿದರೆ ಕನಿಷ್ಠ 7 ವರ್ಷ, ಜೀವಾವಧಿಯೂ ಆಗಬಹುದು. ಸುಮ್ನೆ ಬಾವಿಗೆ ಎಸೆಯಬೇಡಿ, ನೀವು ಮುಟ್ಟಲೂ ಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಅವರನ್ನು ಕೇಳಿ, ವಕೀಲರ ಜೊತೆ ತಮ್ಮನೇ ಸ್ಟೇಷನ್‌ಗೆ ಹೋಗಿ ಒಪ್ಪಿಸಲಿ. ತಡ ಮಾಡಬೇಡಿ ಅಕ್ಕಾ, ನಾಳೆಯೇ ಹೋಗಿ.