ಮೈಸೂರಿಗೆ ಹೊಸದಾಗಿ ಬಂದವರು ತಮಗೆ ಒಗ್ಗುವ ಹೋಟೆಲನ್ನು ಕಂಡುಕೊಳ್ಳುವುದು ಹೇಗೆ?

ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಕುವೆಂಪುನಗರದಲ್ಲಿ ಮನೆ ಮಾಡಿರುವುದಾಗಿಯೂ, ಫೋನಿನಲ್ಲಿ ಹೆಚ್ಚು ಸ್ಟಾರ್ ಪಡೆದ ಹೋಟೆಲುಗಳಿಗೆ ಹೋದಾಗಲೆಲ್ಲ ಪ್ರವಾಸಿಗರ ಸಾಲಿನಲ್ಲಿ ನಿಂತು ಬರುವುದೇ ಆಗುತ್ತಿದೆಯೆಂದೂ ಬರೆದಿದ್ದೀರಿ. ವಾರದಲ್ಲಿ ಹೆಚ್ಚಿನ ದಿನ ಹೊರಗೆ ತಿನ್ನಬೇಕಾದವರು ತಮಗೆ ಒಗ್ಗುವ ಒಂದೆರಡು ಜಾಗಗಳನ್ನು ಹೇಗೆ ಕಂಡುಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಮಲೆನಾಡಿನವನು. ಮೊದಲು ಮಂಡ್ಯದಲ್ಲಿ, ಆಮೇಲೆ ಮೈಸೂರಿನಲ್ಲಿ ನೌಕರಿ ಮಾಡಿ ಈಗ ಸರಸ್ವತಿಪುರಂನಲ್ಲಿ ನೆಲೆಸಿದ್ದೇನೆ. ಈ ಊರಿನ ಹೋಟೆಲುಗಳನ್ನು ಹೆಸರು ಹಿಡಿದು ಹುಡುಕುವುದಕ್ಕಿಂತ ಹೊತ್ತು ಹಿಡಿದು ಹುಡುಕುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬೆಳಗಿನ ಏಳಕ್ಕೆ ಹೂವಿನಂಥ ಇಡ್ಲಿ ಕೊಡುವ ಅಡುಗೆಮನೆಯೇ ಮಧ್ಯಾಹ್ನ ಸಪ್ಪೆ ಊಟ ಬಡಿಸಬಹುದು. ಬೆಳಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಇನ್ನೊಂದು ಹೋಟೆಲಿನಲ್ಲಿ ಸಂಜೆ ನಾಲ್ಕರ ಬೋಂಡಕ್ಕೆ ಜನ ಕಾದು ನಿಂತಿರಬಹುದು. ಹೋಟೆಲಿಗೆ ಒಂದೇ ಅಂಕ ಕೊಡುವ ಪಟ್ಟಿಗಳಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ.

ಹಾಗೆಂದು ಹೆಸರಾದ ಹೋಟೆಲುಗಳಿಗೆ ಹೋಗಲೇಬೇಡಿ ಎಂದು ಹೇಳುತ್ತಿಲ್ಲ. ಅವನ್ನು ಒಂದೊಂದು ಸಲ ನೋಡಿ ಮುಗಿಸಿದರೆ ಮನಸ್ಸಿನಲ್ಲಿ ಕೊರಗು ಉಳಿಯುವುದಿಲ್ಲ. ನಜರ್‌ಬಾದಿನ ಮೈಲಾರಿ ದೋಸೆ ಗಾತ್ರದಲ್ಲಿ ಚಿಕ್ಕದು, ಮೆತ್ತಗಿನದು, ಮೇಲೊಂದಿಷ್ಟು ಬೆಣ್ಣೆ. ದಾವಣಗೆರೆಯ ಬೆಣ್ಣೆದೋಸೆಯ ಗರಿಯನ್ನು ನೆನೆದುಕೊಂಡು ಹೋದರೆ ನಿಮಗೆ ನಿರಾಶೆಯಾದೀತು, ಅದನ್ನು ಬೇರೆಯದೇ ತಿಂಡಿಯೆಂದುಕೊಂಡು ಹೋದರೆ ಖಂಡಿತ ಇಷ್ಟವಾಗುತ್ತದೆ. ಅದೇ ರಸ್ತೆಯಲ್ಲಿ ಮೈಲಾರಿ ಎಂಬ ಹೆಸರಿನ ಹೋಟೆಲು ಒಂದಕ್ಕಿಂತ ಹೆಚ್ಚಿದ್ದು, ಯಾವುದು ಮೂಲ ಎಂಬ ಚರ್ಚೆ ಮೈಸೂರಿಗರ ನಡುವೆ ಇಂದಿಗೂ ಮುಗಿದಿಲ್ಲ. ಎರಡರಲ್ಲೂ ತಿಂದು ಸುಮ್ಮನಿರುವುದು ಕ್ಷೇಮ. ಊರವರು ಜಿಟಿಆರ್ ಎಂದು ಕರೆಯುವ ಗಾಯತ್ರಿ ಟಿಫಿನ್ ರೂಮ್ ಇರುವುದು ಚಾಮುಂಡಿಪುರಂನಲ್ಲಿ. ಅದು ನಿಮ್ಮ ಮನೆಗೆ ಅಷ್ಟೇನೂ ದೂರವಲ್ಲವಾದ್ದರಿಂದ ರಜೆಯಲ್ಲದ ದಿನ ಬೆಳಗ್ಗೆ ಬೇಗ ಹೋದರೆ ನಿಮ್ಮ ನಿತ್ಯದ ಜಾಗವೇ ಆಗಬಹುದು. ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವ್ ಇದೆ. 1930ರಿಂದ ನಡೆದುಬಂದಿರುವ ಹೋಟೆಲದು. ಗಾಂಧಿ ವೃತ್ತದ ಬಳಿಯ ಆರ್‌ಆರ್‌ಆರ್‌ನಲ್ಲಿ ಬಾಳೆಲೆಯ ಮೇಲೆ ಆಂಧ್ರ ಶೈಲಿಯ ಊಟ ಬಡಿಸುತ್ತಾರೆ. ಮೈಸೂರು ಪಾಕಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಇಷ್ಟಾದರೆ ಊರಿನಿಂದ ನೆಂಟರು ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಚಿಂತೆಯೂ ತೀರಿತು.

ನಿತ್ಯದ ಹೋಟೆಲಿನ ವಿಚಾರ ಬೇರೆ. ಸ್ಟಾರ್ ಕೊಡುವವರಲ್ಲಿ ಬಹುಪಾಲು ಒಂದೇ ಸಲ ಬಂದು ಹೋದವರು, ಅದೂ ಅರಮನೆ ನೋಡಿ ಹಸಿದು ಬಂದವರು. ಮೂವತ್ತು ವರ್ಷದಿಂದ ಒಂದೇ ಮೂಲೆಯ ಮೇಜಿನಲ್ಲಿ ಕುಳಿತು ತಿನ್ನುತ್ತಿರುವ ನಿವೃತ್ತ ಮೇಷ್ಟ್ರು ಯಾವ ಹೋಟೆಲಿಗೂ ಸ್ಟಾರ್ ಕೊಟ್ಟವರಲ್ಲ. ಆದ್ದರಿಂದ ಕೇಳಬೇಕಾದ್ದು ಅಂಥವರನ್ನು; ಕೇಳುವ ರೀತಿಯೂ ಮುಖ್ಯ. ಕಚೇರಿಯಲ್ಲಿ ಸಹೋದ್ಯೋಗಿಗಳನ್ನು 'ಇಲ್ಲಿ ಯಾವ ಹೋಟೆಲ್ ಚೆನ್ನಾಗಿದೆ?' ಎಂದು ಕೇಳಿದರೆ ಅತಿಥಿಗೆ ಹೇಳುವ ಉತ್ತರವೇ ಬರುತ್ತದೆ, ಮೈಲಾರಿಯ ಹೆಸರೇ ಬರುತ್ತದೆ. ಅದೇ ವ್ಯಕ್ತಿಯನ್ನು 'ಈ ವಾರ ಮನೆಯಲ್ಲಿ ತಿಂಡಿ ಆಗದ ದಿನ ಎಲ್ಲಿ ತಿಂದಿರಿ?' ಎಂದು ಕೇಳಿ ನೋಡಿ. ತುಸು ಸಂಕೋಚದಿಂದ ನೀವೆಂದೂ ಕೇಳದ ಒಂದು ಹೆಸರನ್ನೋ, ಹೆಸರೇ ಇಲ್ಲದ ಒಂದು ಅಂಗಡಿಯ ಗುರುತನ್ನೋ ಹೇಳುತ್ತಾರೆ. ಆಟೋ ನಿಲ್ದಾಣದವರನ್ನು ಕೇಳುವಾಗಲೂ ಹಾಗೆಯೇ. 'ಒಳ್ಳೆ ಹೋಟೆಲಿಗೆ ಬಿಡಿ' ಎಂದರೆ ದೊಡ್ಡ ಬೋರ್ಡಿನ ಮುಂದೆ ಇಳಿಸುತ್ತಾರೆ, 'ನಿಮ್ಮ ಬೆಳಗಿನ ತಿಂಡಿ ಎಲ್ಲಿ?' ಎಂದರೆ ಎದುರಿನ ಸಂದಿಯನ್ನು ತೋರಿಸುತ್ತಾರೆ.

ಇನ್ನು ಹೊತ್ತಿನ ಮಾತು. ಕಾಫಿಯಿಂದ ಆರಂಭಿಸಿ. ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಬೆಳಗ್ಗೆ ಬೇಗ ಬಾಗಿಲು ತೆಗೆಯುವ ಹೋಟೆಲುಗಳು ಯಾವುವೆಂದು ಮೊದಲು ನೋಡಿಕೊಳ್ಳಿ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬಡಾವಣೆಯ ಪಾರ್ಕಿನಲ್ಲೋ ನಡೆದು ಬರುವವರು ಯಾವ ಬಾಗಿಲಿಗೆ ಹೋಗುತ್ತಾರೆಂದು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅವರು ಪ್ರತಿದಿನ ಬರುವವರು ಮತ್ತು ಕಾಫಿಯ ವಿಷಯದಲ್ಲಿ ರಾಜಿಯಾಗದವರು. ಹೊಸ ಡಿಕಾಕ್ಷನ್ ಇಳಿದ ಕೂಡಲೇ ಬೆರೆಸಿದ ಕಾಫಿಗೂ, ಪುಡಿಗೆ ಎರಡನೆಯ ಸಲ ಬಿಸಿನೀರು ಹಾಕಿ ಇಳಿಸಿದ ಕಾಫಿಗೂ ಇರುವ ಅಂತರ ಬಣ್ಣದಲ್ಲೇ ಗೊತ್ತಾಗುತ್ತದೆ. ಬೆಳಗ್ಗೆ ಆರೂವರೆಗೆ ಚೆನ್ನಾಗಿದ್ದು ಹನ್ನೊಂದಕ್ಕೂ ಅಷ್ಟೇ ಚೆನ್ನಾಗಿರುವ ಕಾಫಿ ಸಿಕ್ಕಿದರೆ ಆ ಅಡುಗೆಮನೆಯಲ್ಲಿ ನಿಗಾ ಇಡುವವರೊಬ್ಬರು ಇದ್ದಾರೆಂದು ತಿಳಿಯಬಹುದು. ಆಮೇಲೆ ಅಲ್ಲಿನ ಇಡ್ಲಿ, ಚಟ್ನಿ ನೋಡಿ. ಚಟ್ನಿಯನ್ನು ಬೆಳಗ್ಗೆ ಒಂದೇ ಸಲ ರುಬ್ಬಿಟ್ಟುಕೊಳ್ಳುವ ಕಡೆ ಹತ್ತು ಗಂಟೆಯ ಹೊತ್ತಿಗೆ ಅದು ನೀರಾಗಿ ಹುಳಿವಾಸನೆ ಬರತೊಡಗುತ್ತದೆ. ಆಗಾಗ ರುಬ್ಬುವ ಕಡೆ ತೆಂಗಿನಕಾಯಿಯ ಪರಿಮಳ ಕೊನೆಯ ಗಿರಾಕಿಗೂ ಸಿಗುತ್ತದೆ. ದೋಸೆ ತಿನ್ನಲೇಬೇಕಾದರೆ ಕಾವಲಿ ಕಾಣುವ ಜಾಗದಲ್ಲಿ ಕುಳಿತುಕೊಳ್ಳಿ. ಗಿರಾಕಿ ಇಲ್ಲದೆ ಕಾವಲಿ ಆರಿ ಕೂತಿರುವ ಹೊತ್ತಿನಲ್ಲಿ ಹೇಳಿದ ದೋಸೆ ಯಾವ ಹೋಟೆಲಿನಲ್ಲಾದರೂ ಸುಮಾರೇ.

ಬೋರ್ಡನ್ನು ಓದುವುದನ್ನೂ ಕಲಿಯಬೇಕು. ಉಡುಪಿಯ ಹೆಸರು ಹೊತ್ತ ಸಸ್ಯಾಹಾರಿ ಹೋಟೆಲುಗಳಲ್ಲಿ ಕರಾವಳಿಯವರ ಕೈಯಡುಗೆ ಸಾಮಾನ್ಯವಾದ್ದರಿಂದ ಸಾಂಬಾರಿನಲ್ಲಿ ಬೆಲ್ಲದ ಸಿಹಿ ಮುಂದಾಗಿರುತ್ತದೆ. ಖಾರಕ್ಕೆ ಒಗ್ಗಿದ ನಿಮ್ಮ ನಾಲಿಗೆಗೆ ಮೊದಮೊದಲು ಅದು ಇರುಸುಮುರುಸಾದೀತು. ಮುದ್ದೆ, ನಾಟಿ ಶೈಲಿ ಎಂದು ಬರೆದ ಮೆಸ್ಸುಗಳು ಮಂಡ್ಯ, ಹಾಸನ ಕಡೆಯವರವು. ಮಧ್ಯಾಹ್ನದ ಊಟಕ್ಕೆ ಅವೇ ಸರಿ. ಒಂದೇ ಬೋರ್ಡಿನಲ್ಲಿ ತಿಂಡಿ, ತಂದೂರಿ, ಚೈನೀಸ್ ಎಲ್ಲವೂ ಇರುವ ಹೋಟೆಲನ್ನು ತಳ್ಳಿಹಾಕಬೇಕಾಗಿಲ್ಲ. ಅಂಥ ಕಡೆ ಬೆಳಗಿನ ತಿಂಡಿಯ ಭಟ್ಟರು ಬೇರೆ, ಸಂಜೆಯ ನಾನ್ ತಟ್ಟುವವರು ಬೇರೆ ಆಗಿರುವುದರಿಂದ ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡುವ ಸ್ವಾತಂತ್ರ್ಯ ನಿಮಗಿದ್ದೇ ಇದೆ. ಜೋಳದ ರೊಟ್ಟಿಯ ನೆನಪಾದರೆ ಖಾನಾವಳಿ ಎಂಬ ಬೋರ್ಡು ಮೈಸೂರಿನಲ್ಲೂ ಅಲ್ಲಲ್ಲಿ ಕಾಣುತ್ತದೆ, ಆದರೆ ವಾರವಿಡೀ ಅಲ್ಲೇ ಉಂಡರೆ ಈ ಊರಿನ ರುಚಿ ನಿಮಗೆ ಹತ್ತುವುದು ತಡವಾಗುತ್ತದೆ.

ಹೀಗೆ ಎರಡು ಮೂರು ಜಾಗ ಗುರುತಾದ ಮೇಲೆ ಹುಡುಕಾಟ ನಿಲ್ಲಿಸಿ, ಅವುಗಳಿಗೇ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಮೇಜಿಗೆ ಹೋಗುತ್ತಿರಿ. ಹೊಸಬರು ಇದನ್ನು ಮಾಡುವುದಿಲ್ಲ. ದಿನಕ್ಕೊಂದು ಹೋಟೆಲು ನೋಡುವ ಉತ್ಸಾಹದಲ್ಲಿ ಎಲ್ಲ ಕಡೆಯೂ ಅಪರಿಚಿತರಾಗಿಯೇ ಉಳಿದುಬಿಡುತ್ತಾರೆ. ಮುಖಪರಿಚಯವಾದ ಮೇಲೆ ಸಪ್ಲೈಯರ್ ನಿಮಗೆ ಬೋರ್ಡಿನಲ್ಲಿ ಇಲ್ಲದ ಸಂಗತಿಗಳನ್ನು ಹೇಳತೊಡಗುತ್ತಾನೆ. 'ಸಾರ್, ವಡೆ ಆರೋಗಿದೆ, ಐದ್ ನಿಮಿಷ ಇರಿ, ಇನ್ನೊಂದ್ ಒಬ್ಬೆ ಇಳೀತದೆ' ಎಂದೋ, 'ಇವತ್ತು ಪಲ್ಯ ಬದಲು ಸಾಗು ಹಾಕಿಸ್ಲಾ?' ಎಂದೋ ಅವನು ಕೇಳಿದ ದಿನ ಆ ಹೋಟೆಲು ನಿಮ್ಮದಾಯಿತು ಎಂದುಕೊಳ್ಳಿ. ಗಲ್ಲಾದಲ್ಲಿ ಕುಳಿತ ಯಜಮಾನರಿಗಿಂತ ಈತನ ಸ್ನೇಹ ದೊಡ್ಡದು. ಆ್ಯಪ್‌ನಲ್ಲಿ ತರಿಸಿಕೊಂಡರೆ ಈ ಪರಿಚಯ ಬೆಳೆಯುವುದಿಲ್ಲ. ಜೊತೆಗೆ ಡಬ್ಬಿಯಲ್ಲಿ ಬೆವರಿದ ದೋಸೆ ನೋಡಿ ಒಳ್ಳೆಯ ಹೋಟೆಲನ್ನೂ ಕೆಟ್ಟದ್ದೆಂದು ಬಿಟ್ಟುಬಿಡುವ ಅಪಾಯವಿದೆ. ಪಾರ್ಸೆಲ್ ಬೇಕೇ ಬೇಕಾದರೆ ಪಲಾವ್, ಬಿಸಿಬೇಳೆ ಬಾತ್‌ನಂಥದ್ದು ದಾರಿಯಲ್ಲಿ ಹಾಳಾಗುವುದಿಲ್ಲ.

ದಸರೆಯ ಹತ್ತು ದಿನ ಯಾವ ಹೋಟೆಲಿನ ಬಗೆಗೂ ತೀರ್ಮಾನಕ್ಕೆ ಬರಬೇಡಿ. ಅರಮನೆಯ ಸುತ್ತಮುತ್ತ ಎಲ್ಲ ಅಡುಗೆಮನೆಗಳೂ ತಮ್ಮ ಶಕ್ತಿ ಮೀರಿ ಬೇಯಿಸುತ್ತಿರುತ್ತವೆ. ಆ ದಿನಗಳಲ್ಲಿ ನಡೆಯುವ ದಸರಾ ಆಹಾರ ಮೇಳಕ್ಕೆ ಹೋಗುವುದು ಲಾಭದಾಯಕ. ಆದಿವಾಸಿಗಳ ಬಿದಿರಿನ ಬಿರಿಯಾನಿಗೆ ಜನ ಮುಗಿಬೀಳುತ್ತಾರೆ, ಅದನ್ನು ತಿನ್ನಿ. ಅದರ ಜೊತೆಗೆ ಇಷ್ಟವಾದ ಬೇರೆ ಮಳಿಗೆಗಳವರನ್ನು ಉಳಿದ ದಿನಗಳಲ್ಲಿ ಎಲ್ಲಿ ಅಡುಗೆ ಮಾಡುತ್ತೀರಿ ಎಂದು ವಿಚಾರಿಸಿಕೊಳ್ಳಿ. ಕೆಲವರಿಗೆ ಊರಲ್ಲೇ ಮೆಸ್ಸೋ ಸಣ್ಣ ಹೋಟೆಲೋ ಇರುತ್ತದೆ.

ಕೊನೆಯದಾಗಿ ಮುದ್ದೆಯ ಊಟ. ನೀವು ಮಾಂಸ ತಿನ್ನುವಿರೋ ಇಲ್ಲವೋ ಬರೆದಿಲ್ಲ, ಆದರೆ ಎರಡಕ್ಕೂ ಮಂಡ್ಯವೇ ಮೇಲೆಂದು ನಾನು ಮೈಸೂರಿನಲ್ಲಿ ಕುಳಿತೇ ಹೇಳುತ್ತೇನೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಮಸಾಲೆ ರುಬ್ಬಿ ಹಾಕಿದರೆ ಬಸ್ಸಾರು. ಬಸಿದ ಕಟ್ಟನ್ನು ಉಪ್ಪು ಹಾಕಿ ತಿಳಿಯಾಗಿಯೇ ಇಟ್ಟು, ಮೆಣಸಿನಕಾಯಿ ಬೆಳ್ಳುಳ್ಳಿಯ ಖಾರವನ್ನು ಪಕ್ಕದಲ್ಲಿ ಕೊಟ್ಟರೆ ಉಪ್ಪೆಸರು. ಖಾರ ಎಷ್ಟು ಬೇಕೆಂಬುದು ಉಣ್ಣುವವನ ಕೈಯಲ್ಲಿರುವುದರಿಂದ ಹುಬ್ಬಳ್ಳಿಯವರಿಗೆ ಇದು ಬೇಗ ಹಿಡಿಸುತ್ತದೆ. ಮುದ್ದೆಯನ್ನು ರೊಟ್ಟಿಯಂತೆ ಅಗಿಯದೆ, ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳ ಹೊರಗೇ ಸಾಗುವುದರಿಂದ ಅದರಲ್ಲಿ ಹೋದರೆ ಊಟದ ಊರುಗಳು ಕಣ್ಣಿಗೇ ಬೀಳುವುದಿಲ್ಲ. ಹಳೆಯ ರಸ್ತೆಗೆ ಇಳಿಯಿರಿ, ಇಲ್ಲವೇ ರೈಲು ಹತ್ತಿ. ರೈಲಿನಲ್ಲಾದರೆ ಬೋಗಿಯೊಳಗೇ ಮದ್ದೂರು ವಡೆ ಮಾರಿಕೊಂಡು ಬರುವುದುಂಟು, ಆದರೆ ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಮಂಡ್ಯದಲ್ಲಿ ನಿಲ್ದಾಣದ ಹೊರಗೆ ಬಂದು, ಮುದ್ದೆ ಊಟಕ್ಕೆ ಅವರು ತಾವೇ ಹೋಗುವ ಮೆಸ್ ಯಾವುದೆಂದು ಅಂಗಡಿಯವರೊಬ್ಬರನ್ನು ಕೇಳಿ. ಭಾನುವಾರವಾದರೆ ಹನ್ನೆರಡೂವರೆಯೊಳಗೆ ತಲುಪಿ. ಹೆಸರಿರುವ ಮೆಸ್ಸುಗಳಲ್ಲಿ ಎರಡು ಗಂಟೆಯ ಮೇಲೆ ನಾಟಿ ಕೋಳಿ ಸಾರು ಉಳಿದಿರುವುದು ಅನುಮಾನ.